ಇಪ್ಪತ್ತೈದು ಮನೆಯ ಆಂಟೆನಾ

ಭಾನುವಾರ, ಡಿಸೆಂಬರ್ ಏಳು. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಜಾಗ, ತರೀಕೆರೆಯ ನಮ್ಮ ಮನೆಯ ಹಿತ್ತಲ ಮೆಟ್ಟಿಲು. ಅಪ್ಪ ಬುದ್ಧವಂದನೆ ಮುಗಿಸಿ ಕಾಫಿಗೆ ಹಾಲಿಟ್ಟಿದ್ದಾರೆ. ನನ್ನ ಪಕ್ಕದಲ್ಲಿ ಹದಿನಾರು ವರ್ಷಗಳ ಮೂವತ್ತೊಂದು ಡೈರಿಗಳಿವೆ. ವರ್ಷಕ್ಕೆ ಎರಡರಂತೆ ಮೂವತ್ತೆರಡು ಇರಬೇಕಿತ್ತು. ಒಂದನ್ನು ಬೀರೂರು ಜಂಕ್ಷನ್ನಿನ ಬೆಂಚಿನ ಮೇಲೆ ಮರೆತು ಬಂದೆ. ಆ ಆರು ತಿಂಗಳು ನಾನು ಏನು ಮಾಡಿದೆನೆಂದು ನನಗೇ ಗೊತ್ತಿಲ್ಲ.

ನನಗೀಗ ಮೂವತ್ತೆಂಟು. ಈ ವಯಸ್ಸಿಗೆ ನಿವೃತ್ತಿ ಎಂದರೆ ಜನ ನಗುತ್ತಾರೆ. ಕಡೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಆಂಟೆನಾ ಬೆಂಚು ನನ್ನದಾಗಿತ್ತು. ಸಾಲ್ಡರಿಂಗ್ ಹೊಗೆ ಕುಡಿದು ಕುಡಿದು ಉಬ್ಬಸ ಹತ್ತಿಕೊಂಡಿತು. ಡಾಕ್ಟರು ಸ್ಟೆತಾಸ್ಕೋಪ್ ಕಿವಿಯಿಂದ ತೆಗೆಯುತ್ತಾ, "ನೋಡಮ್ಮ, ಇಲ್ಲ ಎದೆ ಇಟ್ಕೋ, ಇಲ್ಲ ಸಾಲ್ಡರಿಂಗ್ ಇಟ್ಕೋ. ಎರಡೂ ಬೇಕು ಅಂದ್ರೆ ನನ್ ಹತ್ರ ಬರ್ಬೇಡ" ಅಂದರು. ಎದೆ ಇಟ್ಟುಕೊಂಡೆ. ನಾಳೆ ಸೋಮವಾರ ಆ ಬೆಂಚಿಗೆ ಡಿಪ್ಲೊಮಾ ಮುಗಿಸಿದ ಇಬ್ಬರು ಹುಡುಗಿಯರು ಬರುತ್ತಿದ್ದಾರೆ. ಅವರಿಗೆ ಮೊದಲ ಮಾತು: ಬೆಂಚಿನ ಎಡಗಡೆ ಒಂದು ಸಣ್ಣ ಫ್ಯಾನಿದೆ, ಹಾಕಿಕೊಳ್ಳಿ. ಸದ್ದು ಮಾಡುತ್ತದೆ ಎಂದು ನಾನು ಹದಿನಾಲ್ಕು ವರ್ಷ ಅದನ್ನು ಹಾಕಲಿಲ್ಲ.

ಮಿಕ್ಕಿದ್ದನ್ನು ಬರೆದುಕೊಡು ಎಂದವರು ಮೇಷ್ಟ್ರು. ಮೇಷ್ಟ್ರು ಎಂದರೆ ವರ್ಕ್‌ಶಾಪಿನ ಯಜಮಾನರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವರು ಅದನ್ನು ಬಿಟ್ಟು ಇದನ್ನು ತೆರೆದರು. ನಾವು ಮಾಡುವುದು ಒಂದೇ ವಸ್ತು. ತೋಟದ ಪಂಪ್‌ಸೆಟ್ಟನ್ನು ಮನೆಯಿಂದಲೇ ಗುಂಡಿ ಒತ್ತಿ ಚಾಲೂ ಮಾಡುವ ಪೆಟ್ಟಿಗೆ. ಮೊಬೈಲಿನಿಂದ ಮೋಟಾರು ಎಬ್ಬಿಸುವ ಪೆಟ್ಟಿಗೆಗಳು ಎಲ್ಲ ಕಡೆ ಸಿಗುತ್ತವೆ. ಆದರೆ ಮೊಬೈಲ್ ಸಿಗ್ನಲ್ ಇಳಿಯದ ತಗ್ಗಿನ ತೋಟಗಳಿವೆಯಲ್ಲ, ಅವು ನಮ್ಮ ಗಿರಾಕಿಗಳು. ಮನೆಯಲ್ಲಿ ಒಂದು ಡಬ್ಬಿ, ಪಂಪ್ ಹತ್ತಿರ ಒಂದು ಕಬ್ಬಿಣದ ಪೆಟ್ಟಿಗೆ, ನಡುವೆ ರೇಡಿಯೊ ಅಲೆ. ಆ ಅಲೆಯನ್ನು ಕಳಿಸುವ, ಹಿಡಿಯುವ ಆಂಟೆನಾ ನನ್ನ ಕೆಲಸ.

ಮೊದಲ ತಪ್ಪಿನಿಂದ ಶುರು ಮಾಡುತ್ತೇನೆ. ಸೇರಿದ ಒಂಬತ್ತನೇ ದಿನ, ಬುಧವಾರ. ಮನೆಯ ಡಬ್ಬಿಗೆ ಹಾಕುವ, ತಾಮ್ರದ ಪಟ್ಟಿಯ ಹನ್ನೊಂದು ಆಂಟೆನಾ ಮಾಡಿ ಸಾಲಾಗಿ ಇಟ್ಟಿದ್ದೆ. ನೋಡಲು ಬೋಳುಬೋಳಾಗಿದ್ದವು. ಮೂಲೆಯಲ್ಲಿ ಗೇಟಿಗೆ ಬಳಿಯುವ ಅಲ್ಯೂಮಿನಿಯಂ ಪೇಂಟ್ ಇತ್ತು. ಹನ್ನೊಂದಕ್ಕೂ ಎರಡೆರಡು ಕೋಟು ಬಳಿದೆ. ಸಂಜೆ ಒಂದೂ ಸರಿಯಾಗಿ ಮಾತಾಡಲಿಲ್ಲ. ಮೇಷ್ಟ್ರು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಇದೇನಮ್ಮಾ?"

"ಚೆನ್ನಾಗ್ ಕಾಣ್ಲಿ ಅಂತ ಸಾರ್."

"ಆಂಟೆನಾಗೆ ಮದ್ವೆ ಗೊತ್ ಮಾಡಿದ್ದೀಯೇನು? ಲೋಹದ ಪುಡಿ ಮೆತ್ತಿದ್ರೆ ಅದು ಎಲ್ ಉಸಿರಾಡ್ಬೇಕು?"

ಬೈಗುಳ ಅಷ್ಟೇ. ಹನ್ನೊಂದನ್ನೂ ನಾನೇ ಕೆರೆದೆ, ಎರಡು ದಿನ ಹಿಡಿಯಿತು. ಅವತ್ತಿನಿಂದ ಆಂಟೆನಾಕ್ಕೆ ಏನನ್ನು ತಾಗಿಸಿದರೂ ಬರೆದಿಡುವುದು ರೂಢಿಯಾಯಿತು. ಏನು ಹಾಕಿದೆ, ಏನು ತೆಗೆದೆ, ಯಾವಾಗ. ಒಂದೊಂದು ಕೆಲಸಕ್ಕೂ ಮೂರು ಕಲಮು: ಹಾಕಿದ್ದು, ಅಳೆದದ್ದು, ತೆಗೆದ ಕಸ. ಮೂರನೆಯದನ್ನು ನೋಡಿ ವರ್ಕ್‌ಶಾಪಿನವರೆಲ್ಲ ನಗುತ್ತಿದ್ದರು. ನಮ್ಮ ಪೆಟ್ಟಿಗೆಗಳನ್ನು ಊರೂರಿಗೆ ಒಯ್ದು ಮಾರುವ ರುದ್ರೇಶಣ್ಣನಂತೂ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಡೈರಿ" ಅಂತಲೇ.

ಅಳೆಯುವ ವಿಧಾನವೂ ಆಗ ಸರಳ. ಆಂಟೆನಾ ಹಾಕಿದ ಪೆಟ್ಟಿಗೆಯನ್ನು ವರ್ಕ್‌ಶಾಪಿನ ಕಿಟಕಿಯಲ್ಲಿಟ್ಟು, ಇನ್ನೊಂದು ಡಬ್ಬಿ ಹಿಡಿದು ಕಡೂರು ಸ್ಟೇಷನ್ ಕಡೆಗೆ ಹೆಜ್ಜೆ ಎಣಿಸುತ್ತಾ ನಡೆಯುವುದು. ದೀಪ ಆರಿದ ಕಡೆ ನಿಂತು ಬರೆದುಕೊಳ್ಳುವುದು. ತೆಂಗಿನಕಾಯಿ ಲಾರಿ ಅಡ್ಡ ಬಂದರೆ ಮತ್ತೆ ಮೊದಲಿನಿಂದ. ಆ ರಸ್ತೆಯ ಅಂಗಡಿಯವರು ನನಗೆ ಏನೋ ಹರಕೆಯಿದೆ ಎಂದುಕೊಂಡಿದ್ದರು. ಆಮೇಲೆ ಅಂಗೈಯಲ್ಲಿ ಹಿಡಿಯುವ ಒಂದು ಅನಲೈಸರ್ ಬಂತು. ಆಂಟೆನಾವನ್ನು ಅದಕ್ಕೆ ಸಿಕ್ಕಿಸಿದರೆ ಪರದೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಆಂಟೆನಾ ಯಾವ ಆವರ್ತನದಲ್ಲಿ, ಅಂದರೆ ಫ್ರೀಕ್ವೆನ್ಸಿಯಲ್ಲಿ, ಚೆನ್ನಾಗಿ ಕೆಲಸ ಮಾಡುತ್ತದೋ ಅಲ್ಲಿ ಗೆರೆ ಗುಂಡಿಗೆ ಬಿದ್ದಂತೆ ಇಳಿಯುತ್ತದೆ. ಗುಂಡಿ ನಮಗೆ ಬೇಕಾದ ಜಾಗದಲ್ಲಿದ್ದರೆ ಸಂತೋಷ. ಆದರೂ ಹೆಜ್ಜೆ ಎಣಿಸುವುದನ್ನು ಬಿಡಬೇಡಿ. ಪರದೆಯ ಮೇಲೆ ಚೆನ್ನಾಗಿದ್ದು ತೋಟದಲ್ಲಿ ಕೈಕೊಟ್ಟ ಆಂಟೆನಾಗಳು ನನ್ನ ಲೆಕ್ಕದಲ್ಲಿ ಹತ್ತೊಂಬತ್ತು.

ಈಗ ಮುಖ್ಯ ವಿಷಯ.

ಮೊದಲು ನಾವು ಕಡ್ಡಿ ಆಂಟೆನಾ ಹಾಕುತ್ತಿದ್ದೆವು, ಪೆಟ್ಟಿಗೆಯ ನೆತ್ತಿಯ ಮೇಲೆ ಗೇಣುದ್ದ ನಿಂತಿರುವಂಥದ್ದು. ಕೆಲಸ ಮಾಡುತ್ತಿತ್ತು, ಆದರೆ ಉಳಿಯುತ್ತಿರಲಿಲ್ಲ. ಒಂದು ವರ್ಷ ಮುರಿದು ಬಂದ ಮೂವತ್ತನಾಲ್ಕು ಕಡ್ಡಿಗಳ ಕಾರಣ ಕೇಳಿ ಬರೆದಿದ್ದೇನೆ: ಮಂಗ ಹದಿನೇಳು, ತೆಂಗಿನ ಗರಿ ಬಿದ್ದು ಎಂಟು, ಹಸು ಮೈ ಉಜ್ಜಿದ್ದು ನಾಲ್ಕು, ಟವೆಲ್ ಒಣಹಾಕಿದ್ದು ಮೂರು, "ಗೊತ್ತಿಲ್ಲ ಕಣ್ರೀ" ಎರಡು. ಕಡ್ಡಿ ಬೇಡ, ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಕೊಂಡ ಚಪ್ಪಟೆ ಆಂಟೆನಾ ಮಾಡಬೇಕು ಎಂದು ಮೇಷ್ಟ್ರು ಹೇಳಿದರು. ಮಾಡಿದೆ. ಕಬ್ಬಿಣದ ಮುಚ್ಚಳದ ಮೇಲೆ ಮಲಗಿಸಿದ ಕೂಡಲೇ ಆಂಟೆನಾ ಸತ್ತಂತಾಯಿತು. ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತಾರೇ ಹೆಜ್ಜೆ.

ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಮೇಷ್ಟ್ರು ಬೋರ್ಡಿನ ಮೇಲೆ ಸೂತ್ರ ಬರೆಯಲಿಲ್ಲ. "ಉಯ್ಯಾಲೆ ತೂಗಿದ್ದೀಯಾ? ಅದು ಹಿಂದಕ್ ಬರೋವಾಗ್ಲೇ ಮುಂದಕ್ ತಳ್ಳಿದ್ರೆ ಏನಾಗುತ್ತೆ?"

"ನಿಂತೋಗುತ್ತೆ ಸಾರ್."

"ಹಾಂ. ಬರಿ ಲೋಹದ ತಗಡು ಅಲೆನ ವಾಪಸ್ ಕಳ್ಸುತ್ತೆ, ಆದ್ರೆ ಉಲ್ಟಾ ಹೊತ್ತಲ್ಲಿ. ಹೋಗೋ ಅಲೆನೂ ವಾಪಸ್ ಬಂದ ಅಲೆನೂ ಒಂದನ್ನೊಂದು ತಿಂದಾಕ್ತವೆ. ನಮಗೆ ಸರಿ ಹೊತ್ತಲ್ಲಿ ತಳ್ಳೋ ನೆಲ ಬೇಕು."

ಅಂಥ ನೆಲಕ್ಕೆ ಪುಸ್ತಕದ ಹೆಸರು ಎಲೆಕ್ಟ್ರೋಮ್ಯಾಗ್ನೆಟಿಕ್ ಬ್ಯಾಂಡ್‌ಗ್ಯಾಪ್ ರಚನೆ. ಹೆಸರು ಭಾರ, ವಸ್ತು ಸರಳ. ಒಂದು ಸರ್ಕ್ಯೂಟ್ ಬೋರ್ಡು. ಕೆಳಗೆ ಪೂರ್ತಿ ತಾಮ್ರ. ಮೇಲೆ ಹೆಬ್ಬೆರಳ ಉಗುರಿನಗಲದ ತಾಮ್ರದ ಚೌಕಗಳು, ಒಂದಕ್ಕೊಂದು ತಾಗದಂತೆ, ನಡುವೆ ಕೂದಲೆಳೆ ಸಂದು. ಪ್ರತಿ ಚೌಕದ ನಡುವೆ ತೂತು ಕೊರೆದು ತಂತಿ ತೂರಿಸಿ, ಮೇಲೂ ಕೆಳಗೂ ಬೆಸುಗೆ ಹಾಕಬೇಕು. ಒಂದು ನಿರ್ದಿಷ್ಟ ಆವರ್ತನದ ಅಲೆಗೆ ಮಾತ್ರ ಈ ನೆಲ ಬೇರೆ ಥರ ನಡೆದುಕೊಳ್ಳುತ್ತದೆ. ಅಲೆಯನ್ನು ಸರಿಯಾದ ಹೊತ್ತಿಗೆ ವಾಪಸ್ ಕಳಿಸುತ್ತದೆ. ತಗಡಿನ ಮೇಲೆ ಅಡ್ಡಡ್ಡ ಹರಿದು ಅಂಚಿನಲ್ಲಿ ಸೋರಿಹೋಗುವುದಕ್ಕೂ ಬಿಡುವುದಿಲ್ಲ. ಅಡ್ಡ ಐದು, ಉದ್ದ ಐದು, ಒಟ್ಟು ಇಪ್ಪತ್ತೈದು ಚೌಕ. ಮೊದಲ ಬೋರ್ಡು, ಬೇಡದ ತಾಮ್ರ ಕರಗಿಸುವ ದ್ರಾವಣದ ಟಬ್ಬಿನಿಂದ ಎದ್ದು ಬಂದಾಗ ಇಡೀ ವರ್ಕ್‌ಶಾಪು ಒಂದೇ ಮಾತು ಹೇಳಿತು: "ಚೌಕಾಬಾರ!" ಅಜ್ಜಿಯಂದಿರು ಕವಡೆ ಹಾಕಿ ಆಡುವ ಆಟದ ಮನೆಯ ಹಾಗೇ ಇತ್ತು. ಆಮೇಲೆ ಪುಸ್ತಕದ ಹೆಸರನ್ನು ನಾವು ಬಳಸಲೇ ಇಲ್ಲ.

ಒಂದು ಬೋರ್ಡಿಗೆ ಐವತ್ತು ಬೆಸುಗೆ. ಏಳು ಬೋರ್ಡು ಕೆಟ್ಟವು. ಎಂಟನೆಯದು ಪರದೆಯ ಮೇಲೆ ಆಸೆ ಹುಟ್ಟಿಸಿತು, ರಸ್ತೆಯಲ್ಲಿ ನೂರು ದಾಟಿತು, ಅಲ್ಲಿಂದ ಮುಂದೆ ಹೋಗಲಿಲ್ಲ. ಅಷ್ಟು ಹೊತ್ತಿಗೆ ರುದ್ರೇಶಣ್ಣನ ತಾಳ್ಮೆ ಮುಗಿದಿತ್ತು.

"ಮೇಷ್ಟ್ರೇ, ಕಡ್ಡಿ ಮುರಿದ್ರೆ ಇನ್ನೊಂದ್ ಕಡ್ಡಿ ಸಿಗ್ಸಿ ಬರ್ತೀನಿ, ನಂಗೇನ್ ಕಷ್ಟ? ರೆಡಿ ಕಡ್ಡಿ ಹೊರಗಡೆಯಿಂದ ತರ್ಸಣ. ಈ ಡೈರಿ ಚೌಕಾಬಾರ ಮುಗ್ಸೋದ್ರೊಳ್ಗೆ ಮಂಗಗಳಿಗೆ ಮೊಮ್ಮಕ್ಳಾಗ್ತವೆ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಮೂರು ಶನಿವಾರ ಕೊಡ್ತೀನಮ್ಮ. ಅಜ್ಜಂಪುರದ ಹತ್ರ ಸಾಕಮ್ಮನವರ ತೋಟ ಐತಲ್ಲ, ಅಲ್ಲಿ ಹಾಕಿ ನೋಡು. ಮೂರನೇ ಶನಿವಾರ ನಾನೂ ರುದ್ರೇಶನೂ ಬತ್ತೀವಿ. ಮನೆ ಜಗಲಿಯಿಂದ ಮೋಟ್ರು ಎದ್ರೆ ಬೆಂಚು ನಿಂದು. ಏಳ್ಲಿಲ್ಲಾಂದ್ರೆ ಬೆಂಚು ಎತ್ಬಿಡಣ. ನೀನು ಪ್ಯಾಕಿಂಗ್‌ಗೆ ಹೋಗ್ಬೇಕಾಗುತ್ತೆ."

ಪ್ಯಾಕಿಂಗ್ ಕೆಟ್ಟ ಕೆಲಸವಲ್ಲ. ಆದರೆ ಅಲ್ಲಿ ಬರೆದಿಡುವಂಥದ್ದು ಏನೂ ಇಲ್ಲ. ಆ ದಿನದ ಡೈರಿಯಲ್ಲಿ ಇರುವುದು ಒಂದೇ ಸಾಲು: "ಮೂರು ಶನಿವಾರ."

ಮೊದಲ ಶನಿವಾರ ತರೀಕೆರೆಯಿಂದ ಏಳೂ ಹತ್ತರ ಬಸ್ಸಿಗೆ ಹೊರಟೆ. ಸಾಕಮ್ಮಜ್ಜಿಗೆ ಎಪ್ಪತ್ತರ ಹತ್ತಿರ. ಮಗ ಹಗಲೆಲ್ಲ ಕೊಬ್ಬರಿ ವ್ಯಾಪಾರದ ಓಡಾಟದಲ್ಲಿ, ಸೊಸೆ ಲತಾ ಅಂಗನವಾಡಿ ಕೆಲಸದಲ್ಲಿ. ತ್ರೀಫೇಸ್ ಕರೆಂಟು ತನಗೆ ತೋಚಿದಾಗ ಬರುತ್ತದೆ. ಬಂದಾಗ ಮನೆಯಲ್ಲಿರುವವರು ಅಜ್ಜಿಯೊಬ್ಬರೇ, ಅವರಿಗೆ ಮೊಣಕಾಲು ನೋವು. ಮನೆಯ ಜಗಲಿಯಿಂದ ಪಂಪಿನ ಪೆಟ್ಟಿಗೆಗೆ ನನ್ನ ಹೆಜ್ಜೆಯಲ್ಲಿ ನಾನೂರ ಹನ್ನೆರಡು. ಅಜ್ಜಿಯ ಹೆಜ್ಜೆಯಲ್ಲಿ ಎಷ್ಟೋ. ತೋಟ ತಗ್ಗಿನಲ್ಲಿತ್ತು, ಮೊಬೈಲು ಕೇವಲ ಗಡಿಯಾರ.

ಹಳೆಯ ಕಡ್ಡಿ ತೆಗೆದು ಮುಚ್ಚಳದ ಮೇಲೆ ಚೌಕಾಬಾರ ಕೂರಿಸಿ, ಅದರ ಮೇಲೆ ಚಪ್ಪಟೆಯ ತಾಮ್ರದ ಪಟ್ಟಿ ಆಂಟೆನಾವನ್ನು ತೆಳ್ಳನೆಯ ಅಂಟು ಟೇಪಿನಿಂದ ಒತ್ತಿ ಅಂಟಿಸಿ, ಎಲ್ಲದರ ಮೇಲೆ ಪ್ಲಾಸ್ಟಿಕ್ ಕವಚ ಇಟ್ಟು ಸ್ಕ್ರೂ ಬಿಗಿದೆ. ಡಬ್ಬಿ ಹಿಡಿದು ಮನೆಯ ಕಡೆ ನಡೆದೆ. ನೂರ ಐವತ್ತಮೂರನೇ ಹೆಜ್ಜೆಗೆ ದೀಪ ಆರಿತು. ಅಜ್ಜಿ ಜಗಲಿಯ ಮೇಲೆ ಕೂತು ನೋಡುತ್ತಿದ್ದರು.

"ಏನವ್ವಾ, ಇದು ಮೋಟ್ರು ಎಬ್ಸೋ ಯಂತ್ರನೋ, ನಿನ್ನ ನಡ್ಸೋ ಯಂತ್ರನೋ?"

"ಇನ್ನೂ ಸರಿಯಾಗಿಲ್ಲ ಅಜ್ಜಿ. ಮುಂದಿನ ವಾರ ಬೇರೆ ಬೋರ್ಡ್ ತರ್ತೀನಿ."

"ತಗಂಬಾ. ಆದ್ರೂ ಆ ಚೌಕಾಬಾರ ಮನೆ ಎಷ್ಟು ಚಂದ ಹೊಡ್ದಿದೀಯವ್ವಾ, ನೇರಕ್ಕೆ!"

ಅದನ್ನೂ ಬರೆದುಕೊಂಡೆ. ಹೊಗಳಿಕೆ, ಒಂದು.

ಎರಡನೇ ಶನಿವಾರ ಹೊಸ ಬೋರ್ಡು ಚೀಲದಲ್ಲಿಟ್ಟುಕೊಂಡು ಹೋದೆ. ಬಿಚ್ಚುವ ಮುಂಚೆ ಇದ್ದಹಾಗೇ ಒಮ್ಮೆ ಅಳೆಯುವುದು ನನ್ನ ರೂಢಿ. ಜಗಲಿಯಲ್ಲಿ ನಿಂತು ಡಬ್ಬಿಯ ಗುಂಡಿ ಒತ್ತಿದೆ. ದೂರದಲ್ಲಿ ಮೋಟಾರು ಗೊರ್ ಅಂದಿತು. ಆರಿಸಿ ಮತ್ತೆ ಒತ್ತಿದೆ. ಮತ್ತೆ ಎದ್ದಿತು. ಏಳು ಸಲ ಒತ್ತಿದೆ, ಏಳೂ ಸಲ ಎದ್ದಿತು. ಸಮಯ ಹತ್ತು ಗಂಟೆ ಹದಿನೈದು. ಓಡಿಹೋಗಿ ಕವಚ ಬಿಚ್ಚಿದೆ. ಬೋರ್ಡಿನ ಐದು ಚೌಕಗಳ ಮೇಲೆ, ನಾಲ್ಕು ಬದಿಯ ನಡುಮನೆಗಳು ಮತ್ತು ಒಳಮನೆಯ ಮೇಲೆ, ಮೊಳೆಯಿಂದ ಆಳವಾಗಿ ಕತ್ತರಿ ಗುರುತು ಗೀಚಿತ್ತು.

ವಾಪಸ್ ಬಂದು ಕೇಳಿದೆ. "ಅಜ್ಜಿ, ಕವಚ ಯಾರು ಬಿಚ್ಚಿದ್ದು?"

"ಗಾಳಿ ಜೋರಿತ್ತು."

"ಗಾಳಿಗೆ ಸ್ಕ್ರೂಡ್ರೈವರ್ ಹಿಡಿಯೋಕ್ ಬರುತ್ತಾ?"

ಒಳಗಿನಿಂದ ಲತಾ ನಗುತ್ತಾ ಬಂದಳು. ಅವತ್ತು ಅವಳಿಗೆ ರಜೆ. "ನಾನೇ ಬಿಚ್ಕೊಟ್ಟೆ ಕಣಕ್ಕ. ನೆಲದ್ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದ್ರೆ ಸೋಲೋ ಹೊತ್ಗೆ ಅತ್ತೆ ಸೆರಗಲ್ಲಿ ಅಳಿಸ್ಬಿಡ್ತಾರೆ. ಇದಾದ್ರೆ ಅಳಿಸಕ್ಕಾಗಲ್ಲ ಅಂತ."

"ಯಾರೇ ಅಳಿಸೋರು? ಕಟ್ಟೆ ಗುರುತಿಲ್ದಿದ್ರೆ ಕಾಯಿ ಎಲ್ ಕೂರ್ಬೇಕು? ಅದ್ಕೇ ಗೀಚ್ದೆ. ನೀನ್ ಬತ್ತೀಯ ಅಂತ ನಿನ್ನೆ ವಾಪಸ್ ಇಟ್ವಿ. ಆಗ್ಲಿಂದ ಮೋಟ್ರು ಇಲ್ಲಿಂದ್ಲೇ ಏಳ್ತೈತೆ. ನೋಡು, ನಿನ್ನೆಯಿಂದ ತೋಟದ್ ಕಡೆ ಕಾಲಿಟ್ಟಿಲ್ಲ."

ಕತ್ತರಿ ಗುರುತು! ಚೌಕದಲ್ಲಿ ಸೀಳು ಮಾಡಿದರೆ ಅದರ ಆವರ್ತನ ಕೆಳಗಿಳಿಯುತ್ತದೆ ಎಂದು ಮೇಷ್ಟ್ರ ಪುಸ್ತಕದಲ್ಲಿ ಓದಿದ್ದೆ. ಅಜ್ಜಿ ಮೊಳೆ ಹಿಡಿದು ಅದನ್ನೇ ಮಾಡಿದ್ದಾರೆ! ಹತ್ತೂ ಗೀಟುಗಳ ಉದ್ದ, ಅಗಲ, ಓರೆ ಎಲ್ಲ ಅಳೆದು ಬರೆದೆ. ನಕಲು ಮಾಡಲು ಬೋರ್ಡನ್ನು ಕಡೂರಿಗೆ ಒಯ್ಯಬೇಕಿತ್ತು.

"ಓಡ್ತಿರೋದ್ನ ಯಾಕವ್ವಾ ಬಿಚ್ತೀಯಾ?" ಅಜ್ಜಿ ಕೇಳಿದರು.

"ಒಂದೇ ವಾರ ಅಜ್ಜಿ. ಇದ್ರಂಥವು ಹತ್ತು ಮಾಡ್ಕೊಂಡ್ ಬರ್ತೀನಿ."

ಅವರ ಬೋರ್ಡು ತೆಗೆದು ನನ್ನ ಹೊಸ ಬೋರ್ಡು ಹಾಕಿದೆ. ಮೋಟಾರು ಏಳಲಿಲ್ಲ. ಅದು ನನಗೆ ಇನ್ನೂ ಧೈರ್ಯ ಕೊಟ್ಟಿತು. ಗೀಟಿಲ್ಲ, ಅದಕ್ಕೇ ಏಳುತ್ತಿಲ್ಲ!

ಭಾನುವಾರ, ಸೋಮವಾರ, ಮಂಗಳವಾರ ಕೂತು ಹತ್ತು ಬೋರ್ಡು ಮಾಡಿದೆ. ಐನೂರು ಬೆಸುಗೆ, ನೂರು ಗೀಟು. ಬುಧವಾರ ಅಳೆದರೆ ಹತ್ತೂ ಮಂಕು. ಅಜ್ಜಿಯ ಸ್ವಂತ ಬೋರ್ಡನ್ನೇ ಟೇಪು ಹಾಕಿ ಅಚ್ಚುಕಟ್ಟಾಗಿ ಅಂಟಿಸಿ ನೋಡಿದೆ. ಅದೂ ಮಂಕು. ರಸ್ತೆಯಲ್ಲಿ ನೂರ ನಲವತ್ತು. ಗುರುವಾರ ಇಡೀ ದಿನ ಗೀಟು ಕೆರೆದೆ, ಉದ್ದ ಮಾಡಿದೆ. ಒಂದೂ ಬಗ್ಗಲಿಲ್ಲ. ರುದ್ರೇಶಣ್ಣ ಆ ದಿನ ತಮಾಷೆ ಮಾಡಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಮೇಷ್ಟ್ರು ಕುರ್ಚಿ ಎಳೆದುಕೊಂಡು ನನ್ನ ಬೆಂಚಿನ ಮುಂದೆ ಕೂತರು. "ಅಲ್ಲಿ ಇದ್ದಿದ್ದು, ಇಲ್ಲಿ ಇಲ್ದೇ ಇರೋದು ಏನಮ್ಮ? ಆ ಶನಿವಾರದ್ದು ಓದು. ಒಂದಕ್ಷರ ಬಿಡ್ಬೇಡ."

ಓದಿದೆ. ಬಸ್ಸು ಎಷ್ಟು ತಡ, ಬಿಸಿಲು ಹೇಗಿತ್ತು, ಗೀಟು ಎಷ್ಟು. ರುದ್ರೇಶಣ್ಣ ಬಾಗಿಲಿಗೊರಗಿ ಕೇಳುತ್ತಿದ್ದ. ಕೊನೆಯ ಕಲಮಿಗೆ ಬಂದೆ.

"ತೆಗೆದ ಕಸ: ಹಾಳೆ ತಟ್ಟೆಯ ಚೂರು ಎರಡು, ರಬ್ಬರ್ ಬ್ಯಾಂಡ್ ಎರಡು, ಇರುವೆ ಒಂದು, ಜೀವ ಇತ್ತು."

"ನಿಲ್ಸು." ಮೇಷ್ಟ್ರು ಮುಂದಕ್ಕೆ ಬಾಗಿದರು. "ತಟ್ಟೆ ಚೂರು ಎಲ್ಲಿತ್ತು?"

"ಬೋರ್ಡಿಗೂ ಪಟ್ಟಿ ಆಂಟೆನಾಗೂ ಮಧ್ಯೆ ಸಾರ್. ಅವ್ರು ಕಿತ್ತಾಗ ಟೇಪಿನ ಅಂಟು ಹೋಗಿತ್ತು. ಅದಕ್ಕೇ ಅಡಿಕೆ ಹಾಳೆ ಊಟದ ತಟ್ಟೆ ಕತ್ತರಿಸಿ ಮಧ್ಯೆ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿದ್ರು. ನಾನು..."

"ನೀನು?"

"ಕೊಳಕಾಗಿ ಕಾಣ್ತಿತ್ತು ಅಂತ ಕಿತ್ತಾಕ್ದೆ."

"ಅದೆಲ್ಲಿ ಈಗ?"

"ಹಸು ಮುಂದೆ ಹಾಕ್ದೆ ಸಾರ್. ತಿಂತು."

ರುದ್ರೇಶಣ್ಣ ಅಲ್ಲೇ ಕುಸಿದು ಕೂತು ನಗತೊಡಗಿದ. ಮೇಷ್ಟ್ರು ನಗಲಿಲ್ಲ, ಎದ್ದು ನಿಂತಿದ್ದರು. "ಅಯ್ಯೋ, ಸಂದು ಕಣಮ್ಮ! ಆಂಟೆನಾನ ಚೌಕಗಳ ಮೇಲೇ ಒತ್ತಿ ಅಂಟ್ಸಿದ್ದೀಯ. ಮೀಟಿದ ತಂತಿ ಮೇಲೆ ಬೆರಳಿಟ್ಟಂಗೆ. ಶ್ರುತಿನೇ ಹೊರಟೋಗುತ್ತೆ. ಸ್ವಲ್ಪ ಮೇಲೆತ್ತಿದ್ರೆ ಎರಡೂ ತಮ್ ತಮ್ ಪಾಡಿಗೆ ಹಾಡ್ತವೆ. ಲೇ ರುದ್ರೇಶ, ತಟ್ಟೆ ತಗಂಬಾರೋ!"

ಹತ್ತು ನಿಮಿಷದಲ್ಲಿ ಅವನು ಮೂಲೆಯ ಹೋಟೆಲಿನಿಂದ ಎರಡು ಹಾಳೆ ತಟ್ಟೆ ತಂದ. "ಬರಿ ತಟ್ಟೆ ಕೊಡಲ್ಲ ಅಂದ ಕಣ್ರೀ. ಇಡ್ಲಿ ತಿಂದು, ತೊಳ್ಕೊಂಡು ತಂದಿದೀನಿ." ಕತ್ತರಿಸಿ ಇಟ್ಟೆವು. ಒಂದು ಚೂರಿಗೆ ಪರದೆಯ ಗುಂಡಿ ನಮ್ಮ ಜಾಗದ ಕಡೆ ಸರಿಯಿತು. ಎರಡಕ್ಕೆ ಸರಿಯಾಗಿ ಬಂದು ಕೂತಿತು. ಮೂರಕ್ಕೆ ದಾಟಿ ಹೋಯಿತು. ಅಜ್ಜಿ ಇಟ್ಟಿದ್ದೂ ಎರಡೇ. ಗೀಟಿಲ್ಲದ ಬೋರ್ಡಿಗೆ ಇಟ್ಟರೂ ಅದೇ ಫಲ. ಸ್ಟೇಷನ್ ರಸ್ತೆಯಲ್ಲಿ ನಾನು ಎಣಿಸುತ್ತಾ ಹೋದೆ. ಸ್ಟೇಷನ್ನಿನ ಗೋಡೆ ಬಂದರೂ ದೀಪ ಉರಿಯುತ್ತಿತ್ತು. ಐನೂರ ಆರು. ಮುಂದೆ ಹೋಗಲು ಜಾಗವಿರಲಿಲ್ಲ.

ಮೂರನೇ ಶನಿವಾರ ಮೂವರೂ ಹೋದೆವು. ಲತಾ ಬಾಗಿಲ ಹಿಂದೆ ಇದ್ದಿಲಿನಲ್ಲಿ ಹಾಕಿದ್ದ ಗೀಟುಗಳನ್ನು ತೋರಿಸಿದಳು. ನಾನು ಬೋರ್ಡು ಒಯ್ದ ಮೇಲೆ ಅತ್ತೆ ತೋಟಕ್ಕೆ ನಡೆದ ಲೆಕ್ಕ. ಇಪ್ಪತ್ತೆರಡು. "ನೀವೊಬ್ರೇ ಅಲ್ಲ ಕಣಕ್ಕ ಲೆಕ್ಕ ಇಡೋರು" ಅಂದಳು. ನನ್ನ ಡೈರಿಯಲ್ಲಿ ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಓಡುತ್ತಿದ್ದುದನ್ನು ಬಿಚ್ಚಿದ್ದು ನಾನು, ನಡೆದದ್ದು ಅವರ ಕಾಲು. ಹೊಸ ಹುಡುಗಿಯರೇ, ನಕಲು ಬೇಕಾದರೆ ಇನ್ನೊಂದನ್ನು ಅಲ್ಲೇ ಕೂತು ಮಾಡಿ, ಓಡುತ್ತಿರುವುದನ್ನು ಹೊತ್ತು ತರಬೇಡಿ.

ಅಜ್ಜಿಯ ಬೋರ್ಡನ್ನೇ ಎರಡು ತಟ್ಟೆ ಚೂರಿನೊಂದಿಗೆ ವಾಪಸ್ ಕೂರಿಸಿದೆ. ಜಗಲಿಯ ಮೇಲೆ ಅಜ್ಜಿ, ಲತಾ ಆಟಕ್ಕೆ ಕೂತಿದ್ದರು, ಹಲಗೆಯ ಮೇಲೆ ಬರೆದ ಮನೆಯಲ್ಲಿ. ಮೇಷ್ಟ್ರು ಡಬ್ಬಿಯನ್ನು ಅಜ್ಜಿಯ ಮುಂದೆ ಹಿಡಿದರು. "ನೀವೇ ಒತ್ತಿ ತಾಯಿ."

"ತಡೀರಿ ಸ್ವಾಮಿ, ಕಾಯಿ ಒಳಮನೆಗ್ ಹೋಗ್ತೈತೆ." ಅಜ್ಜಿ ಕವಡೆ ಹಾಕಿ, ಕಾಯಿ ನಡೆಸಿ, ಆಮೇಲೆ ತಿರುಗಿ ನೋಡದೆ ಗುಂಡಿ ಒತ್ತಿದರು. ಮೋಟಾರು ಎದ್ದಿತು. ಕಾಲುವೆಯಲ್ಲಿ ನೀರು ಬರುವ ಸದ್ದಾಯಿತು. ರುದ್ರೇಶಣ್ಣ ಮೆಲ್ಲಗೆ ಅಂದ: "ಏ ಡೈರಿ, ನಿನ್ನ ಕಸದ ಪಟ್ಟಿಗೊಂದು ನಮಸ್ಕಾರ ಕಣಮ್ಮ."

ಬೆಂಚು ಉಳಿಯಿತು. ಹಾಳೆ ತಟ್ಟೆ ಉಳಿಯಲಿಲ್ಲ. ಮಳೆಗಾಲದಲ್ಲಿ ನೀರು ಹೀರಿ ಶ್ರುತಿ ಕೆಡಿಸಿತು. ಅದರ ಬದಲು ಫೋಮ್ ಹಾಕಿದೆವು, ಒಂಬತ್ತು ಪೆಟ್ಟಿಗೆಯಲ್ಲಿ ಇರುವೆ ತಿಂದವು. ಈಗ ಇರುವುದು ಅಕ್ರಿಲಿಕ್ ಬಿಲ್ಲೆ. ಬೋರ್ಡುಗಳೂ ಈಗ ಯಂತ್ರದಲ್ಲಿ ತೂತು ಕೊರೆದೇ ಬರುತ್ತವೆ, ಐವತ್ತು ಬೆಸುಗೆಯ ಕಾಲ ಹೋಯಿತು. ಚಪ್ಪಟೆ ಆಂಟೆನಾ ಬಂದ ಮೇಲೆ ಮಂಗ ಕಿತ್ತ ಲೆಕ್ಕ ಸೊನ್ನೆ. ಒಂದು ಮಂಗ ಮುಚ್ಚಳದ ಮೇಲೆ ಕೂತು ನಿದ್ದೆ ಮಾಡಿದ್ದುಂಟು, ಲತಾ ಫೋಟೋ ಕಳಿಸಿದ್ದಳು.

ಒಂದು ವಿಷಯ ಮಾತ್ರ ನನಗೆ ಇಂದಿಗೂ ಬಗೆಹರಿದಿಲ್ಲ. ಅಜ್ಜಿಯ ಬೋರ್ಡು ಈಗಲೂ ಅದೇ ಪೆಟ್ಟಿಗೆಯಲ್ಲಿದೆ, ಬಿಲ್ಲೆ ಮಾತ್ರ ಹೊಸದು. ಅದೇ ತೋಟದಲ್ಲಿ, ಅದೇ ಬಿಲ್ಲೆ ಇಟ್ಟು, ಗೀಟಿಲ್ಲದ ಬೋರ್ಡಿನ ಜೊತೆ ಮೂರು ಬೇರೆ ಬೇರೆ ದಿನ ಹೋಲಿಸಿ ನಡೆದಿದ್ದೇನೆ. ಅಜ್ಜಿಯದು ಪ್ರತಿ ಸಲವೂ ಅರವತ್ತರ ಆಸುಪಾಸು ಹೆಜ್ಜೆ ಹೆಚ್ಚು ಹೋಗುತ್ತದೆ. ಅದೇ ಅಳತೆಯಲ್ಲಿ ನಾನು ಗೀಚಿದವು ಹೋಗುವುದಿಲ್ಲ. ಯಂತ್ರದಲ್ಲಿ ಗೀಚಿಸಿದವೂ ಹೋಗುವುದಿಲ್ಲ. ಮೇಷ್ಟ್ರನ್ನು ಕೇಳಿದರೆ "ಮೊಳೆ ಆಳ ಇರ್ಬೋದು" ಅನ್ನುತ್ತಾರೆ, ಅಜ್ಜಿಯನ್ನು ಕೇಳಿದರೆ "ಕೈಗುಣ" ಅನ್ನುತ್ತಾರೆ.

ಅಪ್ಪ ಮೂರನೇ ಸಲ ಕಾಫಿಗೆ ಕರೆದರು. ಗಂಟೆ ಒಂಬತ್ತೂ ಐದು. ಇದನ್ನು ಓದಿದವರಲ್ಲಿ ಯಾರಿಗಾದರೂ ಈ ಅರವತ್ತು ಹೆಜ್ಜೆಯ ಗುಟ್ಟು ಗೊತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ಬರೆಯುವಾಗ ಏನು ಹಾಕಿದಿರಿ, ಎಷ್ಟು ಅಳೆದಿರಿ ಎಂಬುದರ ಜೊತೆಗೆ, ಕೊಳಕಾಗಿ ಕಂಡಿತೆಂದು ಏನನ್ನು ಕಿತ್ತು ಎಸೆದಿರಿ ಎಂಬುದನ್ನೂ ಬಿಡದೆ ಬರೆಯಿರಿ.